ರುಚಿ ನೋಡದ ಹುಗ್ಗಿ

"ಗುರುಗಳೇ, ಬರೆದದ್ದು ಸರಿಯಾಗಿದೆ ಎಂದು ಜನರ ಮುಂದೆ ಓದುವ ಮೊದಲೇ ತಿಳಿದುಕೊಳ್ಳುವುದು ಹೇಗೆ?"

ಕೇಳಿದವನು ನರಹರಿ. ಹೊಳೆದಂಡೆಯ ಮಠದಲ್ಲಿ ಓದು ಬರಹ ಚೆನ್ನಾಗಿ ಬಲ್ಲ ಶಿಷ್ಯ. ಹಿಂದಿನ ಮಳೆಗಾಲದಲ್ಲಿ ಆ ಹೊಳೆಯಲ್ಲಿ ಒಂದು ದೋಣಿ ಮಗುಚಿತ್ತು. ಆಚೆ ದಡದ ಸಂತೆಗೆ ಹೊರಟ ಜನ ಅದರಲ್ಲಿದ್ದರು. ದಡ ಸೇರಿದವರು ಕೆಲವರು, ಸೇರದವರೇ ಹೆಚ್ಚು. ಹೋದವರ ಕತೆಯನ್ನು ಯಾರಾದರೂ ಬರೆಯಬೇಕು, ವರ್ಷ ತುಂಬುವ ದಿನ ಮಠದ ಜಗಲಿಯಲ್ಲಿ ಕೂತು ಎಲ್ಲರೂ ಕೇಳಬೇಕು ಎಂದು ಊರಿನವರು ಬಂದು ಕೇಳಿಕೊಂಡಿದ್ದರು. ನರಹರಿ ಒಪ್ಪಿಕೊಂಡಿದ್ದ. ಬರೆದ, ಹರಿದ. ಮತ್ತೆ ಬರೆದ, ಮತ್ತೆ ಹರಿದ. ಈಗ ಒಂದು ಪ್ರತಿ ಅವನ ಕೈಯಲ್ಲಿತ್ತು. ಓದಬೇಕಾದದ್ದು ಮರುದಿನ ಬೆಳಿಗ್ಗೆ. ಇದನ್ನೂ ಹರಿಯಲು ಅಪ್ಪಣೆ ಕೇಳುವುದಕ್ಕೇ ಬಂದಿದ್ದಾನೆ ಎಂದು ಗುರುಗಳಿಗೆ ಅನುಮಾನ ಬಂತು.

ಗುರುಗಳಿಗೆ ಅನುಮಾನ ಬೇಗ ಬರುತ್ತಿತ್ತು. ಯಾರಾದರೂ ಕಾಲಿಗೆ ಬಿದ್ದರೆ ಮೊದಲು ಅವರ ಮುಖ ನೋಡುವರು, ಆಮೇಲೆ ಹರಸುವರು. ಹಣ್ಣು ತಂದವರಿಗಿಂತ ಬರಿಗೈಯಲ್ಲಿ ಬಂದವರನ್ನು ಹೆಚ್ಚು ನಂಬುವರು. ಅತಿ ವಿನಯದಿಂದ ಬಾಗಿ ನಿಂತವರನ್ನು ಕಂಡರಂತೂ ಇವನ ಜೋಳಿಗೆಯಲ್ಲಿ ಏನಿದೆಯೋ ಎಂದು ನೋಡುವರು. ನರಹರಿ ಆ ದಿನ ಬಹಳ ಬಾಗಿ ನಿಂತಿದ್ದ.

"ಯಾವುದು ಸರಿಯಿಲ್ಲ ಅನ್ನಿಸುತ್ತದೆ?" ಎಂದು ಗುರುಗಳು ಕೇಳಿದರು.

"ಯಾವುದೂ ಸರಿಯಿಲ್ಲ ಅನ್ನಿಸುತ್ತದೆ. ಅಳುವಿನ ಮಾತು ಬರೆದರೆ ನಾಟಕವಾಯಿತು ಅನ್ನಿಸುತ್ತದೆ. ಬಿಟ್ಟರೆ ನನ್ನದು ಕಲ್ಲೆದೆ ಅನ್ನಿಸುತ್ತದೆ. ನಿನ್ನೆ ಚೆನ್ನಾಗಿ ಕಂಡ ಸಾಲು ಇಂದು ನಾಚಿಕೆ ತರಿಸುತ್ತದೆ. ಇನ್ನೊಂದು ವರ್ಷ ಕೊಟ್ಟರೆ ತಿದ್ದಿ ಸರಿಮಾಡಬಲ್ಲೆ."

"ಮುಂದಿನ ವರ್ಷದ ಹೊತ್ತಿಗೆ ನಿನ್ನ ಅನುಮಾನ ಸತ್ತಿರುತ್ತದೋ?"

ಗುರುಗಳು ಮಣೆ ತೋರಿಸಿ ಕೂರು ಎಂದರು. ಅವನು ಕೂತ ಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಅಡುಗೆಯವನಿದ್ದ. ಒಬ್ಬ ವರ್ತಕನ ಮನೆಯಲ್ಲಿ ಅವನಿಗೆ ಕೆಲಸ. ಅವನ ಅಡುಗೆ ಉಂಡವರು ಕೈ ತೊಳೆಯುವುದಕ್ಕೆ ಏಳುತ್ತಿರಲಿಲ್ಲ, ಬೆರಳು ನೆಕ್ಕುತ್ತ ಕೂತಿರುತ್ತಿದ್ದರು. ಜನ ಅದನ್ನು ಅವನ ಕೈಗುಣ ಎಂದರು. ಅವನು ಮಾತ್ರ ತನ್ನ ಕೈಯನ್ನು ಎಂದೂ ನಂಬಿದವನಲ್ಲ. ಅವನು ನಂಬಿದ್ದು ನಾಲಿಗೆಯನ್ನು. ಒಲೆಯ ಮೇಲೆ ಏನೇ ಇರಲಿ, ಸೌಟಿನಿಂದ ಒಂದು ತೊಟ್ಟು ಅಂಗೈಗೆ ಬಿಟ್ಟುಕೊಂಡು ನೆಕ್ಕುವನು. ಉಪ್ಪು ಹಾಕುವ ಮೊದಲು ನೆಕ್ಕುವನು, ಹಾಕಿದ ಮೇಲೆ ನೆಕ್ಕುವನು, ಒಲೆಯಿಂದ ಇಳಿಸಿ ನೆಕ್ಕುವನು. ಬಡಿಸಲು ಎತ್ತಿಕೊಂಡು ಹೋಗುವಾಗ ಬಾಗಿಲ ಮರೆಯಲ್ಲಿ ನಿಂತು ಇನ್ನೊಮ್ಮೆ ನೆಕ್ಕುವನು. ಊಟದ ಹೊತ್ತಿಗೆ ಅವನ ಹೊಟ್ಟೆ ತುಂಬಿರುತ್ತಿತ್ತು. "ನಿಮಗೆ ಬಡಿಸೋ ಕೆಲಸ ಒಂದು ನನಗೆ ತಪ್ಪಿತು ಬಿಡಿ" ಎಂದು ಹೆಂಡತಿ ಹಾಸ್ಯ ಮಾಡುತ್ತಿದ್ದಳು.

ಅದೇ ಊರಿನ ದೇವಸ್ಥಾನದಲ್ಲಿ ನೈವೇದ್ಯದ ಅಡುಗೆ ಮಾಡುತ್ತಿದ್ದವನಿಗೆ ವಯಸ್ಸಾಯಿತು, ಕಣ್ಣು ಮಂಜಾಯಿತು. ದೇವಸ್ಥಾನದ ಆಡಳಿತ ನೋಡಿಕೊಳ್ಳುವ ಪಾರುಪತ್ತೇಗಾರ ವರ್ತಕನನ್ನು ಕೇಳಿಕೊಂಡು ಈ ಅಡುಗೆಯವನನ್ನು ಕರೆಸಿದ. ದೇವರ ಕೆಲಸ ಎಂದ ಮೇಲೆ ಬೇಡ ಎನ್ನುವವರು ಯಾರು? ಅವನು ಸಂತೋಷದಿಂದ ಬಂದ. ಬಂದ ಮೇಲೆ ಅಲ್ಲಿನ ಕಟ್ಟಳೆ ತಿಳಿಯಿತು. ದಿನಕ್ಕೆ ಒಂದು ಕೊಪ್ಪರಿಗೆ ಹುಗ್ಗಿ ಮಾಡಬೇಕು. ಅದನ್ನು ದೇವರ ಮುಂದೆ ಎಡೆ ಇಟ್ಟು, ಗಂಟೆ ಬಾರಿಸಿ, ಆಮೇಲೆ ಪ್ರಾಕಾರದಲ್ಲಿ ಕಾದು ಕೂತ ಬಡವರಿಗೆ ಬಡಿಸಬೇಕು. ಎಡೆ ಆಗುವ ಮೊದಲು ಅದನ್ನು ಯಾರೂ ರುಚಿ ನೋಡುವಂತಿಲ್ಲ. ನೋಡಿದರೆ ಎಂಜಲು. ಮೂಸುವಂತೆಯೂ ಇಲ್ಲ, ಮೂಸಿದರೆ ಅರ್ಧ ಉಂಡ ಹಾಗೆ. ಅದಕ್ಕಾಗಿ ಅಡುಗೆಯವನು ಮೂಗು ಬಾಯಿಗೆ ಮಡಿಬಟ್ಟೆ ಕಟ್ಟಿಕೊಂಡೇ ಒಲೆಯ ಮುಂದೆ ನಿಲ್ಲಬೇಕು.

ಅವನು ಹಳೆಯ ಅಡುಗೆಯವನನ್ನು ಹುಡುಕಿಕೊಂಡು ಹೋದ.

"ಇಷ್ಟು ವರ್ಷ ಮಾಡಿದಿರಲ್ಲ, ಉಪ್ಪು ಸರಿಯಾಗಿದೆ ಅಂತ ನಿಮಗೆ ಹೇಗೆ ಗೊತ್ತಾಗ್ತಿತ್ತು?" ಎಂದು ಕೇಳಿದ.

"ಗೊತ್ತಾಗ್ತಿರಲಿಲ್ಲಪ್ಪ" ಎಂದ ಮುದುಕ.

ಇವನು ನಂಬಲಿಲ್ಲ. ಇಷ್ಟು ವರ್ಷ ಗೊತ್ತಾಗದೆ ಮಾಡಿದನಂತೆ, ಯಾರ ಕಿವಿಗೆ ಹೂವು ಇಡುತ್ತಾನೆ? ಏನೋ ಗುಟ್ಟಿದೆ, ಬಿಟ್ಟುಕೊಡುತ್ತಿಲ್ಲ ಎಂದುಕೊಂಡು ಎದ್ದು ಬಂದ. ನರಹರಿ, ಅವನ ಮೊದಲ ಅನುಮಾನ ಅದು. ಅನುಮಾನ ಒಂಟಿಯಾಗಿ ಬರುವುದಿಲ್ಲ, ಬಂಧು ಬಳಗವನ್ನು ಕರೆದುಕೊಂಡೇ ಬರುತ್ತದೆ.

ಮೊದಲ ದಿನ ಅಕ್ಕಿ ಬೇಳೆ ಬೆಂದವು. ಮೆಣಸು ಜೀರಿಗೆ ಬಿತ್ತು. ಅವನು ಹಿಡಿ ತುಂಬ ಉಪ್ಪು ತೆಗೆದು ಹಾಕಿದ. ಹಾಕಿ ತಿರುಗಿದ ಕೂಡಲೇ ಹಾಕಿದೆನೋ ಇಲ್ಲವೋ ಅನ್ನಿಸಿತು. ಕೈ ನೋಡಿಕೊಂಡ. ಉಪ್ಪಿನ ಹರಳು ಅಂಟಿತ್ತು. ಹಾಗಾದರೆ ಹಾಕಿದ್ದು ನಿಜ. ಒಂದು ಹಿಡಿಯೋ ಎರಡು ಹಿಡಿಯೋ? ಹರಳು ಅದನ್ನು ಹೇಳಲಿಲ್ಲ. ಅಷ್ಟರಲ್ಲಿ ಅರ್ಚಕ ಬಾಗಿಲಲ್ಲಿ ನಿಂತು ಎಡೆಗೆ ಹೊತ್ತಾಯಿತು ಎಂದ. ಕೊಪ್ಪರಿಗೆ ಒಳಗೆ ಹೋಯಿತು. ಗಂಟೆ ಮೊಳಗಿತು. ಎಲೆ ಹಾಕಿದರು.

ಅಡುಗೆಯವನು ಬಾಗಿಲ ಸಂದಿಯಿಂದ ಉಣ್ಣುವವರ ಮುಖ ನೋಡಿದ. ಒಬ್ಬ ಹುಬ್ಬು ಗಂಟಿಕ್ಕಿದ. ಅವನ ಹಲ್ಲಿಗೆ ಇಡೀ ಮೆಣಸಿನ ಕಾಳು ಸಿಕ್ಕಿತ್ತು, ಅಷ್ಟೆ. ಇವನು ಉಪ್ಪು ಹೆಚ್ಚಾಯಿತು ಎಂದುಕೊಂಡ. ಇನ್ನೊಬ್ಬ "ಅಮೃತ ಆಗಿದೆ" ಎಂದ. ಬಿಟ್ಟಿ ಉಣ್ಣುವವರು ಇನ್ನೇನು ಅನ್ನುತ್ತಾರೆ ಎಂದುಕೊಂಡ. ಎಲ್ಲರೂ ಎದ್ದ ಮೇಲೆ ಓಡಿ ಹೋಗಿ ಕೊಪ್ಪರಿಗೆ ನೋಡಿದ. ತಳ ಕೂಡ ಕೆರೆದು ಖಾಲಿ ಮಾಡಿದ್ದರು. ಇನ್ನೊಬ್ಬನಾಗಿದ್ದರೆ ಅದನ್ನು ನೋಡಿ ನೆಮ್ಮದಿಯಿಂದ ಮನೆಗೆ ಹೋಗುತ್ತಿದ್ದ. ಇವನು ಚೆನ್ನಾಗಿತ್ತು ಎಂದು ಉಂಡರೋ ಹಸಿವಾಗಿತ್ತು ಎಂದು ಉಂಡರೋ ಎಂಬ ಯೋಚನೆಯಲ್ಲಿ ದಾರಿ ತಪ್ಪಿ ವರ್ತಕನ ಮನೆಯ ಕಡೆ ನಡೆದ.

ಮರುದಿನದಿಂದ ತನಗೆಂದು ಒಂದು ತುತ್ತು ಪ್ರಸಾದ ಎತ್ತಿಡಿಸಿದ. ಬಡಿಸಿ ಮುಗಿದ ಮೇಲೆ ಅದನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಕೂರುವನು. ಆರಿದ ಹುಗ್ಗಿ ಬಿಸಿ ಹುಗ್ಗಿಗೆ ಸಾಕ್ಷಿ ಹೇಳುವುದಿಲ್ಲ. ಒಂದು ದಿನ ಸಪ್ಪೆ ಎಂದು ಕಂಡಿತು, ಒಂದು ದಿನ ಉಪ್ಪು ಎಂದು ಕಂಡಿತು. ಎರಡು ದಿನವೂ ಅವನು ಹಾಕಿದ್ದು ಅಷ್ಟೇ ಉಪ್ಪು.

ಆಮೇಲೆ ಅವನು ಉಪ್ಪು ಮಾರುವವನ ಮೇಲೆ ಅನುಮಾನಪಟ್ಟ. ಮರಳು ಬೆರೆಸುತ್ತಾನೆ ಎಂದ. ಸೌದೆಯ ಮೇಲೆ ಅನುಮಾನಪಟ್ಟ. ಹಸಿ ಸೌದೆಯ ಹೊಗೆಗೆ ರುಚಿ ಕೆಡುತ್ತದೆ ಎಂದ. ಬಾವಿಯ ನೀರು ಮೊದಲಿನ ಹಾಗಿಲ್ಲ ಎಂದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವನಿಗೆ ಕುಣಿಯಲು ಬರುತ್ತಿತ್ತು, ಅದೇ ದುಃಖ. ಬರುತ್ತದೆ ಎಂದು ಊರಿಗೆಲ್ಲ ಗೊತ್ತಿತ್ತು, ಇವನೊಬ್ಬನಿಗೆ ಗೊತ್ತಿರಲಿಲ್ಲ.

ಕೊನೆಗೆ ಅವನಿಗೆ ಒಂದು ಉಪಾಯ ಹೊಳೆಯಿತು. ದೇವಸ್ಥಾನದಲ್ಲಿ ತಾನೆ ರುಚಿ ನೋಡಬಾರದು? ಬೆಳಿಗ್ಗೆ ಮನೆಯಲ್ಲಿ ಒಂದು ಸಣ್ಣ ತಪ್ಪಲೆಯಲ್ಲಿ ಅದೇ ಹುಗ್ಗಿ ಮಾಡಿದ. ಅಂಗೈಗೆ ಬಿಟ್ಟುಕೊಂಡು ನೆಕ್ಕಿದ. ಸೊಗಸಾಗಿತ್ತು. ಎಷ್ಟು ಉಪ್ಪು ಬಿತ್ತು ಎಂದು ಮನಸ್ಸಿನಲ್ಲಿ ಇಟ್ಟುಕೊಂಡು, ಸ್ನಾನ ಮಾಡಿ ಪಾಕಶಾಲೆಗೆ ಬಂದು, ಅದೇ ಲೆಕ್ಕದಲ್ಲಿ ಕೊಪ್ಪರಿಗೆಗೆ ಹಾಕಿದ. ಮನೆಯ ಉಪ್ಪು ಒಲೆಯ ಪಕ್ಕದ ಮರದ ಮರಿಗೆಯಲ್ಲಿ ಹಬೆ ತಾಗಿ ನೀರು ಬಿಟ್ಟು ಸಪ್ಪಗಾಗಿತ್ತು. ದೇವಸ್ಥಾನದ್ದು ಹೊಸದಾಗಿ ಬಂದ ಹರಳುಪ್ಪು. ತಪ್ಪಲೆಯ ಲೆಕ್ಕ ಕೊಪ್ಪರಿಗೆಗೆ ಕೂಡಲಿಲ್ಲ. ಆ ದಿನ ಉಂಡವರೆಲ್ಲ ಬಾವಿಕಟ್ಟೆಯ ಸುತ್ತ ನಿಂತುಕೊಂಡರು.

ಅವನಿಗೆ ಯಾರೂ ಏನೂ ಅನ್ನಲಿಲ್ಲ. ಪ್ರಸಾದಕ್ಕೆ ಹೆಸರಿಡಬಾರದು ಎಂದು ನೀರು ಕುಡಿದು ಹೋದರು. ಒಬ್ಬರಾದರೂ ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಬೈಸಿಕೊಂಡವನು ಒಂದು ದಿನ ಅಳುತ್ತಾನೆ, ಮರುದಿನ ಉಪ್ಪು ಕಡಿಮೆ ಹಾಕುತ್ತಾನೆ. ಇವನಿಗೆ ಅದೂ ಸಿಗಲಿಲ್ಲ. ಸಿಕ್ಕಿದ್ದು ಬಾವಿಕಟ್ಟೆಯ ಸುತ್ತ ನಿಂತವರ ನೋಟ. ಇಷ್ಟು ದಿನವೂ ಹೀಗೇ ಆಗಿರಬೇಕು, ನನಗೆ ಹೇಳದೆ ಮುಚ್ಚಿಟ್ಟಿದ್ದಾರೆ ಎಂದುಕೊಂಡ. ಹಿಂದೆ ಉಂಡು ಹೊಗಳಿದವರೆಲ್ಲ ಅವನ ಕಣ್ಣಿಗೆ ಸುಳ್ಳುಗಾರರಾದರು. ವರ್ತಕನ ಮನೆಯಲ್ಲಿ ಬೆರಳು ನೆಕ್ಕಿದವರೂ ಸುಳ್ಳುಗಾರರೇ ಇರಬೇಕು ಎಂದುಕೊಂಡ.

ಮರುದಿನ ಕೊಪ್ಪರಿಗೆ ಇಳಿಸಿದ. ಅದರ ಮುಂದೆ ನಿಂತ. ಇದೂ ಕೆಟ್ಟಿದೆ ಅನ್ನಿಸಿತು. ಹಿತ್ತಿಲಲ್ಲಿ ದೇವಸ್ಥಾನದ ದನಗಳಿಗೆ ಕಲಗಚ್ಚು ಹಾಕುವ ಬಾನಿ ಇತ್ತು. ಕೊಪ್ಪರಿಗೆಯನ್ನು ಎತ್ತಿಕೊಂಡು ಹೋಗಿ ಅದಕ್ಕೆ ಸುರಿದ. ಮತ್ತೆ ಅಕ್ಕಿ ತೊಳೆದ. ಅರ್ಚಕ ಬಂದು ಇದೇಕೆ ಇನ್ನೂ ಆಗಿಲ್ಲ ಎಂದಾಗ ಬಾಯಿಗೆ ಬಂದದ್ದು ಒಂದು ಸುಳ್ಳು. ಹಲ್ಲಿ ಬಿತ್ತು ಎಂದ. ಹಲ್ಲಿ ಬಿದ್ದ ಅಡುಗೆಯನ್ನು ಚೆಲ್ಲಲೇಬೇಕು, ಎಲ್ಲ ತೊಳೆದು ಹೊಸದಾಗಿ ಮಾಡಲೇಬೇಕು. ಅದಕ್ಕೆ ಯಾರೂ ಎದುರು ಮಾತಾಡುವಂತಿಲ್ಲ. ಅಡುಗೆಯವನಿಗೆ ಆ ಸುಳ್ಳು ಬಹಳ ಹಿಡಿಸಿತು.

ಅಂದಿನಿಂದ ಹಲ್ಲಿ ಬೀಳುವುದು ಹೆಚ್ಚಾಯಿತು. ಕೆಲವು ದಿನ ಒಂದೇ ಬೆಳಿಗ್ಗೆ ಎರಡು ಸಲ ಬಿತ್ತು. ಅರ್ಚಕ ಚಾವಣಿಯನ್ನು ನೋಡಿ, "ಈ ಊರಿನ ಹಲ್ಲಿಗಳಿಗೆಲ್ಲ ಸಾಯೋದಕ್ಕೆ ನಿಮ್ಮ ಕೊಪ್ಪರಿಗೆಯೇ ಬೇಕೇನ್ರೀ?" ಎಂದ. ಮಧ್ಯಾಹ್ನದ ಎಡೆ ಇಳಿಹೊತ್ತಿಗೆ ಹೋಯಿತು. ಕಾದು ಕಾದು ಜನ ಎದ್ದು ಹೋಗತೊಡಗಿದರು. ಹಿತ್ತಿಲ ದನಗಳು ಮಾತ್ರ ಮೈ ತುಂಬಿಕೊಂಡವು.

ಇಲ್ಲಿ ನರಹರಿ ತಡೆಯಲಾರದೆ ಬಾಯಿ ಹಾಕಿದ. "ಆದರೆ ಗುರುಗಳೇ, ಅವನದು ಭಕ್ತಿಯಲ್ಲವೇ? ದೇವರಿಗೆ ಕೆಟ್ಟದ್ದನ್ನು ಇಡಬಾರದು ಎಂದು ತಾನೆ ಅಷ್ಟು ಕಷ್ಟಪಟ್ಟದ್ದು?"

"ಅವನೂ ಹಾಗೇ ಅಂದುಕೊಂಡಿದ್ದ. ನನಗೆ ಅದರ ಮೇಲೇ ಅನುಮಾನ" ಎಂದರು ಗುರುಗಳು. "ಅಕ್ಕಿಯಲ್ಲಿ ಕಲ್ಲು ಆರಿಸುವುದು ಭಕ್ತಿ. ಬೇಳೆ ತೊಳೆಯುವುದು, ಬೆಂಕಿ ನೋಡಿಕೊಳ್ಳುವುದು, ತಳ ಹಿಡಿಯದ ಹಾಗೆ ತಿರುವುವುದು ಭಕ್ತಿ. ಅದನ್ನೆಲ್ಲ ಅವನು ಮಾಡಿದ, ಚೆನ್ನಾಗಿಯೇ ಮಾಡಿದ. ಮಾಡಿದ ಮೇಲೆ ಮೊಸರಿನಲ್ಲಿ ಕಲ್ಲು ಹುಡುಕಿದನಲ್ಲ, ಅದು ಏನು? ಬೇರೆಯವರ ಮೇಲೆ ಅನುಮಾನಪಟ್ಟರೆ ಕೆಟ್ಟ ಗುಣ ಅನ್ನುತ್ತೇವೆ. ನಮ್ಮ ಮೇಲೆ ನಾವೇ ಪಟ್ಟರೆ ವಿನಯ ಅನ್ನುತ್ತೇವೆ. ಎರಡೂ ಒಂದೇ ಬಾನಿಗೆ ಸುರಿಯುತ್ತವೆ. ಮುಂದೆ ಕೇಳು."

ನರಹರಿ ಕೈಯಲ್ಲಿದ್ದ ಕಾಗದಗಳನ್ನು ತೊಡೆಯ ಮೇಲೆ ಮಗುಚಿ ಇಟ್ಟುಕೊಂಡ. ಗುರುಗಳು ಮುಂದುವರಿಸಿದರು.

ಕಾಯುವವರಲ್ಲಿ ಒಬ್ಬ ಮುದುಕಿ ಇದ್ದಳು. ದಿನಕ್ಕೆ ಒಂದೇ ಊಟ, ಅದೂ ಈ ದೇವರ ಎಡೆ ಆದ ಮೇಲೆ ಅಲ್ಲಿಯೇ ಉಣ್ಣುವುದು ಎಂದು ಅವಳ ನೇಮ. ಬೇರೆ ಏನನ್ನೂ ಮುಟ್ಟುತ್ತಿರಲಿಲ್ಲ. ಉಳಿದವರು ಎದ್ದು ಹೋದರೂ ಅವಳು ಪ್ರಾಕಾರದ ಕಂಬಕ್ಕೆ ಒರಗಿ ಕೂತಿರುವಳು. ಹೊತ್ತು ಮೀರಿದ ಒಂದು ದಿನ ಗುಡಿಯ ಬಾಗಿಲಲ್ಲಿ ಕೂರುವ ಹೂವಿನವಳಿಗೆ ನೋಡಲಾಗಲಿಲ್ಲ. ಒಂದು ಬಾಳೆಹಣ್ಣು ತಂದು, "ಇದಾದ್ರೂ ತಿನ್ನಜ್ಜಿ, ಜೀವ ಹಿಡ್ಕೊಂಡಿರ್ತದೆ" ಎಂದಳು.

"ದೇವ್ರೇ ಇನ್ನೂ ಉಂಡಿಲ್ಲ ಕಣವ್ವಾ. ನಂಗೇನು ಅವಸರ?" ಎಂದಳು ಮುದುಕಿ.

ಒಂದು ದಿನ ಅಡುಗೆಯವನು ಮಾಡಿದ್ದನ್ನೆಲ್ಲ ಸುರಿದ. ಎಡೆಗೆ ಹುಗ್ಗಿಯೇ ಇಲ್ಲವಾಯಿತು. ಅರ್ಚಕ ಗೊಣಗುತ್ತ ಒಂದಿಷ್ಟು ಹಾಲು ಇಟ್ಟು ಗಂಟೆ ಬಾರಿಸಿದ. ಕಾದವರ ಅಂಗೈಗೆ ತೀರ್ಥ ಕೊಡುವ ಪುಟ್ಟ ಚಮಚದಲ್ಲಿ ಒಂದೊಂದು ಉದ್ಧರಣೆ ಹಾಲು ಬಿತ್ತು. ಮುದುಕಿ ಅದನ್ನು ಕಣ್ಣಿಗೆ ಒತ್ತಿಕೊಂಡು ಕುಡಿದು, ನಾಳೆ ಆಗುತ್ತದೆ ಬಿಡಿ ಎಂದು ಹೇಳಿ ಅಲ್ಲಿಯೇ ಮಲಗಿದಳು. ಮನೆಯವರೆಗೆ ನಡೆಯುವ ಶಕ್ತಿ ಇರಲಿಲ್ಲ.

ಇತ್ತ ಪಾರುಪತ್ತೇಗಾರನಿಗೂ ಒಂದು ಅನುಮಾನ ಹುಟ್ಟಿತ್ತು. ಉಗ್ರಾಣದ ಅಕ್ಕಿ ತಿಂಗಳು ಮುಗಿಯುವ ಮೊದಲೇ ಮುಗಿಯುತ್ತಿದೆ. ಉಣ್ಣುವವರೋ ಕಡಿಮೆಯಾಗಿದ್ದಾರೆ. ಹಾಗಾದರೆ ಅಕ್ಕಿ ಎಲ್ಲಿ ಹೋಗುತ್ತಿದೆ? ಅಡುಗೆಯವನನ್ನು ಕರೆದು ಮಾತಾಡಿಸಿ ನೋಡಿದ. ಅಕ್ಕಿ ಎಂಬ ಮಾತು ಬಂದ ಕೂಡಲೇ ಅಡುಗೆಯವನು ಬೆವರಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನೇ ಕಳ್ಳ, ಅಕ್ಕಿಯನ್ನು ಹೊರಗೆ ಸಾಗಿಸಿ ಮಾರುತ್ತಿದ್ದಾನೆ ಎಂದು ಪಾರುಪತ್ತೇಗಾರ ತೀರ್ಮಾನಿಸಿದ. ಹಾಲಿನ ಎಡೆಯಾದ ಮರುದಿನ, ಕೈಗೆ ಸಿಕ್ಕಿಸಿಯೇ ಹಿಡಿಯಬೇಕೆಂದು ಹಿತ್ತಿಲ ಸೌದೆ ರಾಶಿಯ ಹಿಂದೆ ಹೋಗಿ ಕೂತ.

ಬಿಸಿಲು ಏರಿತು. ಅಡುಗೆಯವನು ಒಂದು ಕೊಪ್ಪರಿಗೆ ತಂದು ಬಾನಿಗೆ ಸುರಿದು ಹೋದ. ಪಾರುಪತ್ತೇಗಾರನಿಗೆ ಏನೂ ಅರ್ಥವಾಗಲಿಲ್ಲ. ಕಳ್ಳ ಅಕ್ಕಿಯನ್ನು ಬೇಯಿಸಿ ಯಾಕೆ ತರುತ್ತಾನೆ? ಇದರಲ್ಲಿ ಇನ್ನೂ ದೊಡ್ಡ ಮಸಲತ್ತು ಇರಬೇಕೆಂದು ಉಸಿರು ಬಿಗಿಹಿಡಿದು ಕೂತ. ಹೊತ್ತು ಮೀರಿದ ಮೇಲೆ ಅಡುಗೆಯವನು ಇನ್ನೊಂದು ಕೊಪ್ಪರಿಗೆ ತಂದು ಬಾನಿಯ ಮೇಲೆ ಎತ್ತಿ ಹಿಡಿದು ಬಾಗಿಸಿದ. ಅರ್ಧ ಸುರಿದಿತ್ತು. ಪಾರುಪತ್ತೇಗಾರ ಎದ್ದು ಓಡಿ ಬಂದು ಅವನ ರಟ್ಟೆ ಹಿಡಿದ.

"ಎಲ್ರೀ ಹಲ್ಲಿ? ತೋರ್ಸಿ ನೋಡೋಣ."

ಅಡುಗೆಯವನು ತಲೆ ತಗ್ಗಿಸಿದ. "ಹಲ್ಲಿ ಬಿದ್ದಿಲ್ಲ."

"ಮತ್ತೆ ಯಾಕೆ ಚೆಲ್ತಿದೀರಿ?"

"ಉಪ್ಪಿನ ಮೇಲೆ ಅನುಮಾನ."

"ಹೆಚ್ಚಾಗಿದೆಯೋ, ಕಡಿಮೆಯಾಗಿದೆಯೋ?"

"ಅದೇ ಗೊತ್ತಾಗ್ತಿಲ್ಲ."

ಪಾರುಪತ್ತೇಗಾರ ಅವನ ಮುಖವನ್ನೂ ಬಾನಿಯನ್ನೂ ನೋಡಿದ. ಅಷ್ಟು ಹೊತ್ತು ಬಿಸಿಲಿನಲ್ಲಿ ಕೂತದ್ದಕ್ಕೆ ಬಂದ ಸಿಟ್ಟೂ, ನಗುವೂ, ಅದಕ್ಕಿಂತ ಹೆಚ್ಚಾಗಿ ದುಃಖವೂ ಅವನಿಗೆ ಒಟ್ಟಿಗೆ ಬಂದವು.

"ನೀವು ಅಕ್ಕಿ ಕದ್ದು ಮಾರ್ತಿದೀರಿ ಅಂತ ಹಿಡಿಯೋಕೆ ಬಂದೆ" ಎಂದ. "ಕದ್ದಿದ್ರೇ ಚೆನ್ನಾಗಿತ್ತು ಕಣ್ರೀ. ಯಾರ ಹೊಟ್ಟೆಗಾದ್ರೂ ಹೋಗ್ತಿತ್ತು."

"ದೇವರಿಗೆ ಕೆಟ್ಟದ್ದು ಇಡಬಾರದು ಅಂತ..."

"ದೇವರಿಗೆ ಎಲ್ಲಿ ಇಟ್ರಿ? ದನಕ್ಕೆ ಇಟ್ರಿ. ಹೋಗಿ ಪ್ರಾಕಾರದಲ್ಲಿ ನೋಡಿ. ಆ ಮುದುಕಿ ನಿನ್ನೆಯಿಂದ ಒಂದು ಉದ್ಧರಣೆ ಹಾಲಿನ ಮೇಲಿದಾಳೆ. ಬೆಳಿಗ್ಗೆ ನಾನು ಬರೋವಾಗ್ಲೇ ಕರೆದರೆ ಓ ಅನ್ನಲಿಲ್ಲ. ಹಣ್ಣು ಕೊಟ್ಟರೆ ಬಾಯಿ ಬಿಗಿ ಹಿಡಿದ್ಲು. ಉಗ್ರಾಣದಲ್ಲಿ ಇವತ್ತಿಗೆ ಅಕ್ಕಿ ಮುಗೀತು. ಉಳಿದಿರೋದು ನಿಮ್ಮ ಕೈಲಿರೋ ಆ ಅರ್ಧ ಕೊಪ್ಪರಿಗೆ ಒಂದೇ. ಅದನ್ನೂ ಸುರೀತೀರಾ, ಸುರೀರಿ. ನಾನು ಅಡ್ಡ ಬರಲ್ಲ."

ಹೀಗೆ ಹೇಳಿ ಅವನು ರಟ್ಟೆ ಬಿಟ್ಟು ಪ್ರಾಕಾರದ ಕಡೆ ಹೋದ.

ಅಡುಗೆಯವನು ಅರ್ಧ ಕೊಪ್ಪರಿಗೆಯನ್ನು ಪಾಕಶಾಲೆಗೆ ಹೊತ್ತು ತಂದ. ಒಳಗೆ ಯಾರೂ ಇರಲಿಲ್ಲ. ಹುಗ್ಗಿಯಿಂದ ಇನ್ನೂ ಹಬೆ ಏಳುತ್ತಿತ್ತು. ಅವನು ಮೂಗು ಬಾಯಿಗೆ ಕಟ್ಟಿದ ಬಟ್ಟೆಯನ್ನು ಕೆಳಗೆ ಎಳೆದ. ಸೌಟು ಅದ್ದಿ ಒಂದು ತೊಟ್ಟು ಅಂಗೈಗೆ ಬಿಟ್ಟುಕೊಂಡ. ನೋಡುವವರಿಲ್ಲ, ಕೇಳುವವರಿಲ್ಲ. ಒಂದು ಸಲ ನಾಲಿಗೆ ತಾಗಿಸಿದರೆ ಮುಗಿಯಿತು, ಇಷ್ಟು ದಿನದ ಸಂಕಟ ತೀರುತ್ತದೆ. ಎಂಜಲಾಯಿತು ಎಂದು ಮುದುಕಿಗೆ ತಿಳಿಯುವುದಿಲ್ಲ. ಅವಳು ತನ್ನ ನೇಮ ನಡೆಯಿತೆಂದೇ ಉಣ್ಣುತ್ತಾಳೆ.

ಅಂಗೈ ಬಾಯಿಯ ಹತ್ತಿರ ಬಂತು. ಅಲ್ಲಿ ನಿಂತಿತು.

ಅವನಿಗೆ ವರ್ತಕನ ಮನೆಯ ಬಾಗಿಲ ಮರೆ ನೆನಪಾಯಿತು. ಒಲೆಯ ಮುಂದೆ ನೆಕ್ಕಿ ಸರಿ ಎಂದುಕೊಂಡದ್ದನ್ನೇ ಬಾಗಿಲ ಮರೆಯಲ್ಲಿ ನಿಂತು ಮತ್ತೆ ನೆಕ್ಕುತ್ತಿದ್ದೆನಲ್ಲ, ಯಾಕೆ? ನಾಲಿಗೆ ಸರಿ ಎಂದಾಗ ಯಾವ ದಿನ ನಂಬಿದ್ದೆ? ಈಗ ಇದು ಸರಿ ಎಂದರೆ ನಂಬುತ್ತೇನೆಯೇ? ಭಯಕ್ಕೆ ಬಾಯಿ ಒಣಗಿದೆ, ಒಣಗಿದ ಬಾಯಿಗೆ ಏನು ತಿಳಿಯುತ್ತದೆ ಎಂದು ಇನ್ನೊಂದು ತೊಟ್ಟು ಬಿಟ್ಟುಕೊಳ್ಳುತ್ತೇನೆ. ಆಮೇಲೆ ಇನ್ನೊಂದು. ಕೊಪ್ಪರಿಗೆ ಮುಗಿಯಬಹುದು, ಅನುಮಾನ ಮುಗಿಯುವುದಿಲ್ಲ. ಉಪ್ಪು ಮಾರುವವನಿಂದ ಹಿಡಿದು ಹೊಗಳಿದವರವರೆಗೆ ಎಲ್ಲರ ಮೇಲೂ ಅನುಮಾನಪಟ್ಟೆ. ನನ್ನ ಕೈಯಿಂದ ಕೊಪ್ಪರಿಗೆ ಸುರಿಸಿದ ಈ ಅನುಮಾನದ ಮೇಲೆ ಒಮ್ಮೆಯೂ ಅನುಮಾನಪಡಲಿಲ್ಲವಲ್ಲ.

ಅವನು ಹೊರಗೆ ಹೋಗಿ ಕೈ ತೊಳೆದ. ಮತ್ತೆ ಮಡಿಬಟ್ಟೆ ಕಟ್ಟಿಕೊಂಡು ಬಂದು ಕೊಪ್ಪರಿಗೆ ಎತ್ತಿದ.

ಧೈರ್ಯ ಬಂದ ಮೇಲೆ ಎತ್ತಿದ ಎಂದು ಹೇಳಿದರೆ ಕತೆ ಚೆನ್ನಾಗಿರುತ್ತದೆ, ಆದರೆ ಅದು ಸುಳ್ಳು. ಅನುಮಾನ ಪಾಕಶಾಲೆಯಲ್ಲಿ ಉಳಿಯಲಿಲ್ಲ. ಅವನ ಜೊತೆಗೇ ಹೊಸ್ತಿಲು ದಾಟಿತು, ಗರ್ಭಗುಡಿಯ ಬಾಗಿಲವರೆಗೂ ಬಂತು. ಅರ್ಚಕ ಕೊಪ್ಪರಿಗೆ ಒಳಗಿಟ್ಟುಕೊಂಡು ಬಾಗಿಲು ಹಾಕಿದ. ಗಂಟೆ ಮೊಳಗಿತು. ಬಾಗಿಲು ತೆರೆಯಿತು. ಉಳಿದಿದ್ದ ಕೆಲವರ ಮುಂದೆ ಎಲೆ ಹಾಕಿದರು. ಹೂವಿನವಳು ಮುದುಕಿಯ ತಲೆಯನ್ನು ತನ್ನ ಹೆಗಲಿಗೆ ಆನಿಸಿಕೊಂಡು ಕೂತಿದ್ದಳು. ಅಡುಗೆಯವನು ಬೇರೆ ಯಾರ ಕಡೆಯೂ ಹೋಗದೆ ನೇರವಾಗಿ ಕಂಬದ ಬಳಿ ಬಂದ. ಬಡಿಸಲು ಬಾಗಿದ.

ಗುರುಗಳು ಅಷ್ಟಕ್ಕೆ ನಿಲ್ಲಿಸಿ ಪಕ್ಕದ ತಂಬಿಗೆಯಿಂದ ನೀರು ಕುಡಿದರು. ತಂಬಿಗೆ ಕೆಳಗಿಟ್ಟರು. ಮುಂದೆ ಹೇಳಲಿಲ್ಲ.

ನರಹರಿ ಕಾದ. ಹೊಳೆಯ ಕಡೆಯಿಂದ ಮಾತು ಕೇಳಿಸುತ್ತಿತ್ತು. ದೂರದ ಊರುಗಳಿಂದ ಒಂದು ದಿನ ಮೊದಲೇ ಬಂದವರು ಮಠದ ಜಗಲಿಯಲ್ಲಿ ಗಂಟು ಇಳಿಸುತ್ತಿದ್ದರು. ಅವರಲ್ಲಿ ಒಬ್ಬ ಹೆಂಗಸು ನಾಳೆ ಓದುವುದು ಯಾವ ಹೊತ್ತಿಗೆ ಎಂದು ಯಾರನ್ನೋ ಕೇಳುತ್ತಿದ್ದಳು. ದೋಣಿಯಲ್ಲಿ ಅವಳ ಇಬ್ಬರು ಮಕ್ಕಳು ಹೋಗಿದ್ದರು. ನರಹರಿಗೆ ಅವಳ ದನಿ ಗೊತ್ತಿತ್ತು. ಆದರೆ ಅವನ ಮನಸ್ಸು ಕತೆಯಲ್ಲಿ ಸಿಕ್ಕಿಕೊಂಡಿತ್ತು. ತೊಡೆಯ ಮೇಲಿನ ಕಾಗದಗಳ ಅಂಚನ್ನು ಬೆರಳಿನಿಂದ ಸರಿಮಾಡುತ್ತ, ತಡೆಯಲಾರದೆ ಕೇಳಿದ.

"ಗುರುಗಳೇ, ಆ ದಿನ ಉಪ್ಪು ಸರಿಯಾಗಿತ್ತೇ?"

ಗುರುಗಳು ಅವನ ಮುಖವನ್ನು ನೋಡಿದರು. ಕಾಲಿಗೆ ಬಿದ್ದವರನ್ನು ಹರಸುವ ಮೊದಲು ನೋಡುವ ಹಾಗೆ ಬಹಳ ಹೊತ್ತು ನೋಡಿದರು.

"ಮುದುಕಿ ಉಂಡಳೇ ಎಂದು ನೀನು ಕೇಳಲಿಲ್ಲ, ನರಹರಿ."